ಶ್ರೀರಂಗಪಟ್ಟಣಗೊಂಡ ಹ್ಯಾರಿಸ್

ಹೊಯ್ಸಳ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಅಂತ ಒಂದು ಬಿರುದಿತ್ತು. ಚೋಳರಿಂದ ತಲಕಾಡು ಕಿತ್ತುಕೊಂಡ, ಊರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡ. ಶಾಸನ ಓದುವವರಿಗೆ ಇದೇನೂ ಹೊಸದಲ್ಲ. ಗೆದ್ದವನು ಗೆದ್ದ ಊರನ್ನು ಹಣೆಪಟ್ಟಿ ಮಾಡಿಕೊಳ್ಳೋದು ನಮ್ಮಲ್ಲಿ ಹಳೇ ರೂಢಿ. ಆದರೆ ತಲಕಾಡಿನಿಂದ ಕಾವೇರಿಯ ಮೇಲ್ಮುಖವಾಗಿ ಒಂದಷ್ಟು ದೂರ ಬಂದರೆ ಸಿಗುವ ಇನ್ನೊಂದು ಊರಿನ ಹೆಸರು ಇಂಗ್ಲೆಂಡಿನ ಒಂದು ಮನೆತನಕ್ಕೆ ಅಂಟಿಕೊಂಡಿದೆ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಯ್ತು. ಆ ಬಿರುದು ಪೂರ್ತಿಯಾಗಿ ಹೀಗಿದೆ: ಈಸ್ಟ್ ಇಂಡೀಸಿನ ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟಿನ, ಬ್ಯಾರನ್ ಹ್ಯಾರಿಸ್.

ಟಿಪ್ಪು ಬಗ್ಗೆ ನಾವು ವರ್ಷಕ್ಕೊಂದು ಸಲ ಜಗಳ ಆಡ್ತೀವಿ. 1799ರ ಯುದ್ಧ ಅಂದರೆ ನಮಗೆ ನೆನಪಾಗೋದು ಟಿಪ್ಪು, ಮೀರ್ ಸಾದಿಕ್, ಸ್ವಲ್ಪ ಜಾಸ್ತಿ ಓದಿದವರಿಗೆ ವೆಲ್ಲೆಸ್ಲಿ ಅಣ್ಣ-ತಮ್ಮ, ಕೋಟೆಗೆ ನುಗ್ಗಿದ ಬೇರ್ಡ್. ಆ ಸೈನ್ಯದ ಸೇನಾಪತಿ ಯಾರು ಅಂತ ಕೇಳಿ ನೋಡಿ, ಉತ್ತರ ಬರೋದು ಕಷ್ಟ. ಕೀರ್ತಿ ಬೇರೆಯವರ ಪಾಲಾಯ್ತು. ಹ್ಯಾರಿಸ್‌ಗೆ ಸಿಕ್ಕಿದ್ದು ದುಡ್ಡು ಮತ್ತು ಹೆಸರು. ಅವೆರಡೂ ಏನಾದವು ಅನ್ನೋದೇ ನನಗೆ ಕುತೂಹಲ.

ಜಾರ್ಜ್ ಹ್ಯಾರಿಸ್ ಹುಟ್ಟಿದ್ದು 1746ರಲ್ಲಿ, ಕೆಂಟ್‌ನ ಬ್ರಾಸ್ಟೆಡ್ ಎಂಬ ಹಳ್ಳಿಯ ಬಡ ಪಾದ್ರಿಯ ಮಗನಾಗಿ. ಹಿಂದೆ ಜಮೀನಿಲ್ಲ, ಮುಂದೆ ಶಿಫಾರಸಿಲ್ಲ. ಸೈನ್ಯ ಸೇರಿ ಅಮೆರಿಕಕ್ಕೆ ಹೋದ. 1775ರ ಜೂನ್ 17ರಂದು ಬಂಕರ್ ಹಿಲ್ ಯುದ್ಧದಲ್ಲಿ ತಲೆಗೇ ಗುಂಡು ತಗುಲಿತು. ಬಿದ್ದವನನ್ನು ಹಿಡಿದುಕೊಂಡದ್ದು ಅವನ ಕೈಕೆಳಗಿನ ಯುವ ಅಧಿಕಾರಿ ಲಾರ್ಡ್ ರಾಡನ್. ಈ ರಾಡನ್ನೇ ಮುಂದೆ ಹೇಸ್ಟಿಂಗ್ಸ್ ಅನ್ನೋ ಬಿರುದಿನಲ್ಲಿ ಇಂಡಿಯಾದ ಗವರ್ನರ್ ಜನರಲ್ ಆಗ್ತಾನೆ. ವೈದ್ಯರು ಹ್ಯಾರಿಸನ ತಲೆಬುರುಡೆ ಕೊರೆದು ಶಸ್ತ್ರಚಿಕಿತ್ಸೆ ಮಾಡಿದರು. ಆಗ ಕನ್ನಡಿಗಳನ್ನು ಹೊಂದಿಸಿ ಅವನ ಮೆದುಳನ್ನು ಅವನಿಗೇ ತೋರಿಸಿದರಂತೆ. ಅರಿವಳಿಕೆ ಇಲ್ಲದ ಕಾಲ ಅದು, ನೆನಪಿರಲಿ.

ಬದುಕಿ ಬಂದ, ಆದರೆ ಮೇಲೇರಲಿಲ್ಲ. ಹುದ್ದೆಗಳನ್ನು ದುಡ್ಡಿಗೆ ಕೊಂಡು ಮಾರುತ್ತಿದ್ದ ಸೈನ್ಯ. ಬೇಸತ್ತು ತನ್ನ ಕಮಿಷನ್ ಮಾರಿ ಕೆನಡಾಗೆ ವಲಸೆ ಹೋಗೋದು ಅಂತ ಹ್ಯಾರಿಸ್ ತೀರ್ಮಾನಿಸಿದ್ದ. (ಐಟಿಯವರಿಗೆ ಈ ಆಲೋಚನೆ ಬಹಳ ಪರಿಚಿತ ಅನ್ನಿಸಬಹುದು!) ಅಷ್ಟರಲ್ಲಿ ಹಳೇ ಗೆಳೆಯ ಮೆಡೋಸ್ ಅಕಸ್ಮಾತ್ ಸಿಕ್ಕಿ ತಡೆದ. ಆ ಮೆಡೋಸ್ ಬೊಂಬಾಯಿಯ ಗವರ್ನರ್ ಆಗಿ ಹೊರಟಾಗ ಹ್ಯಾರಿಸ್ ಅವನ ಕಾರ್ಯದರ್ಶಿ. ಅಲ್ಲಿಂದ ಮೂರನೇ ಮೈಸೂರು ಯುದ್ಧ, 1792ರಲ್ಲಿ ಕಾರ್ನ್‌ವಾಲಿಸ್ ಜೊತೆ ಶ್ರೀರಂಗಪಟ್ಟಣದ ಬಾಗಿಲ ತನಕ. 1796ರ ಹೊತ್ತಿಗೆ ಮದ್ರಾಸಿನ ಸೇನಾಧಿಪತಿ. ಅಂದಹಾಗೆ, 1798ರಲ್ಲಿ ಟಿಪ್ಪು ಮೇಲೆ ಯುದ್ಧ ಮಾಡೋಣ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ತುದಿಗಾಲಲ್ಲಿ ನಿಂತಾಗ, ಈಗಲೇ ಬೇಡ ಅಂದವರಲ್ಲಿ ಹ್ಯಾರಿಸ್ ಕೂಡ ಒಬ್ಬ.

1799ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಸೈನ್ಯ ಹೊರಟಿತು. ನಿಜಾಮನ ಪಡೆ ಸೇರಿಕೊಂಡಿತು. ಕೊಡಗಿನ ಕಡೆಯಿಂದ ಬೊಂಬಾಯಿ ಸೈನ್ಯ ಬಂತು. ಮಾರ್ಚ್ 27ರಂದು ಮಳವಳ್ಳಿ ಬಳಿ ಕಾಳಗ. ಏಪ್ರಿಲ್‌ನಲ್ಲಿ ಕೋಟೆಗೆ ಮುತ್ತಿಗೆ. ಶಾಲೆಯ ಪುಸ್ತಕದಲ್ಲಿ ಇದು ಮುಗಿದೇ ಹೋಗಿದ್ದ ಆಟದ ಹಾಗೆ ಕಾಣುತ್ತೆ. ಹಾಗಿರಲಿಲ್ಲ. ಏಪ್ರಿಲ್ ನಡುವೆ ಲೆಕ್ಕ ಹಾಕಿದಾಗ ಅಕ್ಕಿ ಕೆಲವೇ ದಿನಗಳಿಗೆ ಸಾಕು ಅಂತ ಗೊತ್ತಾಯ್ತು. ಗಾಡಿ ಎಳೆಯುವ ಎತ್ತುಗಳು ದಾರಿಯುದ್ದಕ್ಕೂ ಸತ್ತಿದ್ದವು. ಮುಂಗಾರು ಶುರುವಾಗಿ ಕಾವೇರಿ ತುಂಬಿದರೆ ದ್ವೀಪಕ್ಕೆ ಕಾಲಿಡುವ ಮಾತೇ ಇಲ್ಲ. ಮೇ 4ರ ಬೆಳಿಗ್ಗೆ ಡೇರೆಗೆ ಬಂದ ಮಾಲ್ಕಮ್, ಇನ್ನೇನು ನೀವು ಲಾರ್ಡ್ ಆಗ್ತೀರಿ ಅನ್ನೋ ಧಾಟಿಯಲ್ಲಿ ತಮಾಷೆ ಮಾಡಿದನಂತೆ. ಹೊಗಳೋ ಸಮಯ ಅಲ್ಲ ಇದು, ಬಾಗಿಲಲ್ಲಿ ನಿಂತಿರೋ ಕಾವಲುಗಾರನನ್ನು ನೋಡು, ಹಸಿವಿನಿಂದ ಎಷ್ಟು ಸೋತಿದ್ದಾನೆ ಅಂದರೆ ಒಬ್ಬ ಸಿಪಾಯಿ ತಳ್ಳಿದರೆ ಬಿದ್ದುಬಿಡ್ತಾನೆ ಅನ್ನೋ ಅರ್ಥದಲ್ಲಿ ಹ್ಯಾರಿಸ್ ಉತ್ತರಿಸಿದ. ಆವತ್ತು ಮಧ್ಯಾಹ್ನ ಕೋಟೆ ಬಿತ್ತು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಲೂಟಿಯನ್ನು ಬ್ರಿಟಿಷರು ಲೂಟಿ ಅಂತ ಕರೆಯಲ್ಲ, ‘ಪ್ರೈಜ್’ ಅಂತಾರೆ. ಅದಕ್ಕೊಂದು ಸಮಿತಿ, ಹರಾಜು, ಲೆಕ್ಕಪತ್ರ, ಶ್ರೇಣಿಗೆ ತಕ್ಕ ಪಾಲು. ಅರಮನೆಯ ಖಜಾನೆಯಿಂದ ಹಿಡಿದು ಬಿಡಿಸಿ ಒಡೆದ ಸಿಂಹಾಸನದ ತನಕ ಎಲ್ಲವನ್ನೂ ಹಂಚಿದರು. ಸೇನಾಪತಿಯಾಗಿ ಹ್ಯಾರಿಸ್ ಎಂಟನೇ ಒಂದು ಭಾಗ ತೆಗೆದುಕೊಂಡ. ಆಗಿನ ಲೆಕ್ಕದಲ್ಲಿ 1,42,902 ಪೌಂಡ್. ಯುರೋಪಿಯನ್ ಸಾಮಾನ್ಯ ಸೈನಿಕನಿಗೆ ಸಿಕ್ಕಿದ್ದು ಸುಮಾರು ಏಳು ಪೌಂಡ್. ನಮ್ಮ ಕಡೆಯ ಸಿಪಾಯಿಗೆ ಸುಮಾರು ಐದು. ಡೇರೆ ಬಾಗಿಲಲ್ಲಿ ಹಸಿದು ನಿಂತಿದ್ದ ಆ ಕಾವಲುಗಾರ ಬದುಕಿ ಉಳಿದಿದ್ದರೆ ಅವನ ಪಾಲು ಸೇನಾಪತಿಯ ಪಾಲಿನ ಇಪ್ಪತ್ತು ಸಾವಿರದಲ್ಲಿ ಒಂದು. ಸಿಇಓ ಸಂಬಳ ಮತ್ತು ಫ್ರೆಷರ್ ಸಂಬಳದ ಚರ್ಚೆ ಮಾಡುವ ನಾವು ಈ ಅನುಪಾತ ನೋಡಿ ತೆಪ್ಪಗಾಗಬೇಕು. ಕಂಪನಿಯ ನಿರ್ದೇಶಕರಿಗೇ ಇದು ಅತಿಯಾಯ್ತು ಅನ್ನಿಸಿ ತಕರಾರು ಎತ್ತಿದರು. ವರ್ಷಗಟ್ಟಲೆ ಎಳೆದಾಡಿ ಪ್ರಿವಿ ಕೌನ್ಸಿಲ್ ಹ್ಯಾರಿಸ್ ಪರವಾಗಿ ತೀರ್ಪು ಕೊಟ್ಟಿತು.

1801ರಲ್ಲಿ ಆ ದುಡ್ಡಿನಲ್ಲಿ ಕೆಂಟ್‌ನ ಫೇವರ್‌ಶ್ಯಾಮ್ ಹತ್ತಿರ ಬೆಲ್ಮಾಂಟ್ ಎಂಬ ಬಂಗಲೆ ಕೊಂಡ. ಬಡ ಪಾದ್ರಿಯ ಮಗ ಜಮೀನುದಾರನಾದ. ಆ ಮನೆ ಕಟ್ಟಿಸಿದ್ದ ಕರ್ನಲ್ ಮಾಂಟ್ರೆಸರ್ ಅಮೆರಿಕ ಯುದ್ಧದ ಲೆಕ್ಕಪತ್ರದ ಗೋಜಲಿನಲ್ಲಿ ಆಸ್ತಿ ಕಳೆದುಕೊಂಡು, 1799ರಲ್ಲೇ ಜೈಲಿನಲ್ಲಿ ಸತ್ತಿದ್ದ. ಒಂದು ಯುದ್ಧದಿಂದ ಹಾಳಾದವನ ಮನೆಯನ್ನು ಇನ್ನೊಂದು ಯುದ್ಧದಿಂದ ಉದ್ಧಾರವಾದವನು ಕೊಂಡ.

ಆದರೆ ಬಿರುದು ಬರಲಿಲ್ಲ. ಐರಿಷ್ ಪದವಿಯೊಂದನ್ನು ಕೊಡ್ತೀವಿ ಅಂದಾಗ ಹ್ಯಾರಿಸ್ ಬೇಡ ಅಂದ. ಐರಿಷ್ ಪದವಿ ಅಂದರೆ ಲಾರ್ಡ್ ಅಂತ ಕರೆಸಿಕೊಳ್ಳಬಹುದು, ವೆಸ್ಟ್‌ಮಿನ್‌ಸ್ಟರಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುರ್ಚಿ ಸಿಗೋದು ಖಾತರಿಯಿಲ್ಲ. ಇದೇ ಯುದ್ಧಕ್ಕಾಗಿ ವೆಲ್ಲೆಸ್ಲಿಗೂ ಐರಿಷ್ ಮಾರ್ಕ್ವೆಸ್ ಪದವಿಯೇ ಸಿಕ್ಕಿದ್ದು. ಚಿನ್ನದ ಗಿಲೀಟು ಹಾಕಿದ ಆಲೂಗೆಡ್ಡೆ ಅಂತ ಹಲ್ಲು ಕಡಿಯುತ್ತಲೇ ಅವನು ಅದನ್ನು ಇಟ್ಟುಕೊಂಡ. ಹ್ಯಾರಿಸ್ ಕಾದ. ಹದಿನಾರು ವರ್ಷ ಕಾದ! 1815ರ ಆಗಸ್ಟ್‌ನಲ್ಲಿ, ಮಗ ವಿಲಿಯಂ ವಾಟರ್‌ಲೂನಲ್ಲಿ ಗಾಯಗೊಂಡ ಎರಡು ತಿಂಗಳಿಗೆ, ಪೂರ್ತಿ ಪ್ರಮಾಣದ ಬ್ಯಾರನ್ ಪದವಿ ಬಂತು. ಗಂಡುಮಕ್ಕಳ ಸಾಲಿನಲ್ಲಿ ಹಿರಿಯನಿಂದ ಹಿರಿಯನಿಗೆ, ವಂಶ ಇರುವ ತನಕ.

ಆ ಪದವಿಯ ಜೊತೆಗಿನ ಲಾಂಛನವನ್ನು ನೋಡಬೇಕು ನೀವು. ಮೂರು ಹೆಡ್ಜ್‌ಹಾಗ್‌ಗಳಿವೆ, ಫ್ರೆಂಚ್‌ನಲ್ಲಿ ಅದರ ಹೆಸರು ಹ್ಯಾರಿಸ್‌ಗೆ ಹತ್ತಿರ ಕೇಳಿಸುತ್ತೆ ಅನ್ನೋ ಶ್ಲೇಷೆ. ಮೇಲೆ ಶ್ರೀರಂಗಪಟ್ಟಣದ ಕೋಟೆ, ಬಾಗಿಲು, ಇಳಿಸಿದ ತೂಗುಸೇತುವೆ, ಟಿಪ್ಪುವಿನ ಬಾವುಟದ ಮೇಲೆ ಹಾರುವ ಬ್ರಿಟಿಷ್ ಬಾವುಟ. ಅದಕ್ಕೂ ಮೇಲೆ, ಶಿಖರದಲ್ಲಿ, ಒಂದು ಹಸಿರು ಹುಲಿ. ಎದೆಗೆ ಬಾಣ ನೆಟ್ಟಿದೆ. ತಲೆ ಮೇಲೆ ಕಿರೀಟ. ಹಣೆಯ ಮೇಲೆ ಹೈದರನನ್ನು ಸೂಚಿಸುವ ಪಾರ್ಸಿ ಅಕ್ಷರ. ಹೈದರಾಲಿಯ ಅಕ್ಷರ ಮೈಸೂರಿನ ಆಳ್ವಿಕೆಯಿಂದ ಅಳಿದದ್ದೂ, ಅದನ್ನು ಅಳಿಸಿದವನ ಮನೆಯ ಲಾಂಛನದಲ್ಲಿ ಕಾಯಂ ಆಗಿ ಕೂತದ್ದೂ ಒಂದೇ ಯುದ್ಧದಿಂದ. ಇದಕ್ಕೆ ನಗಬೇಕೋ ಸಿಟ್ಟಾಗಬೇಕೋ, ನನಗೆ ಎರಡೂ ಆಗುತ್ತೆ.

ಬಿರುದಿನಲ್ಲಿರುವ ಎರಡು ಊರುಗಳಲ್ಲಿ ಹ್ಯಾರಿಸ್‌ಗೆ ಒಂದು ಗುಂಟೆ ಜಮೀನೂ ಇರಲಿಲ್ಲ ಅನ್ನೋದನ್ನೂ ಗಮನಿಸಿ. ಮೈಸೂರಿನ ಗಾದಿಯಲ್ಲಿ 1799ರ ಜೂನ್‌ನಿಂದಲೇ ಮುಮ್ಮಡಿ ಕೃಷ್ಣರಾಜ ಒಡೆಯರು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಮುಂದೆ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬೆಂಗಳೂರಿನ ದಂಡು ಪ್ರದೇಶದ ಬದಲಿಗೆ ಆ ದ್ವೀಪ ಮೈಸೂರಿಗೆ ಬಂತು. ಅಂದರೆ ಇವತ್ತು ನಾವು ಓಡಾಡೋ ಕಂಟೋನ್ಮೆಂಟಿಗೂ ಆ ದ್ವೀಪಕ್ಕೂ ಒಂದು ಕಾಲದಲ್ಲಿ ಅದಲು-ಬದಲು ನಡೆದಿತ್ತು. ಊರು ಕೈಯಿಂದ ಕೈಗೆ ಹೋಯ್ತು, ಹೆಸರು ಮಾತ್ರ ಕೆಂಟ್‌ನಲ್ಲೇ ಉಳಿಯಿತು.

ಎರಡನೇ ಬ್ಯಾರನ್ ವಿಲಿಯಂ ಸ್ವತಃ 1799ರ ದಾಳಿಯಲ್ಲಿದ್ದ ಹುಡುಗ. ಗೆದ್ದ ಬಾವುಟಗಳನ್ನು ಲಂಡನ್ನಿಗೆ ಒಯ್ದು ರಾಜನಿಗೆ ಒಪ್ಪಿಸಿದ್ದು ಅವನೇ. ಮಗಳ ಗಂಡ ಲಷಿಂಗ್ಟನ್ ಮದ್ರಾಸಿನ ಗವರ್ನರ್ ಆದ, ಮಾವನ ಜೀವನಚರಿತ್ರೆಯನ್ನೂ ಬರೆದ. ಮೂರನೇ ಬ್ಯಾರನ್ 1846ರಲ್ಲಿ ಟ್ರಿನಿಡಾಡ್‌ನ ಗವರ್ನರ್. ಅಲ್ಲಿಗೆ ಇಂಡಿಯಾದಿಂದ ಕೂಲಿಗಳ ಮೊದಲ ಹಡಗು ಬಂದು ಆಗಿನ್ನೂ ಒಂದು ವರ್ಷ. 1854ರಿಂದ ಮದ್ರಾಸಿನ ಗವರ್ನರ್. 1856ರಲ್ಲಿ ದಕ್ಷಿಣದ ಮೊದಲ ರೈಲು ರಾಯಪುರಂನಿಂದ ಹೊರಟಾಗ ಇದ್ದದ್ದು ಈತನೇ. 1857ರ ದಂಗೆ ಅಡಗಿಸಲು ಮದ್ರಾಸಿನಿಂದ ಪಡೆಗಳನ್ನು ಉತ್ತರಕ್ಕೆ ಕಳಿಸಿದ್ದೂ ಈತನೇ. ಅಜ್ಜನಿಗೆ ತಲೆಗೆ ಗುಂಡು ಬಿದ್ದಮೇಲೆ ಸಿಕ್ಕಿದ್ದು ಮೊಮ್ಮಗನಿಗೆ ಕುಟುಂಬದ ಉದ್ಯೋಗದ ಹಾಗೆ ಬಂದಿತ್ತು.

ನಾಲ್ಕನೆಯವನು ನಿಮಗೆ ಗೊತ್ತಿರಬಹುದು, ಕ್ರಿಕೆಟ್ ಪ್ರಿಯರಾಗಿದ್ದರೆ. 1851ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿದ, 1880ರಲ್ಲಿ ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್‌ನಲ್ಲಿ ನಾಯಕನಾಗಿದ್ದ ಲಾರ್ಡ್ ಹ್ಯಾರಿಸ್. 1890ರಿಂದ 95ರ ತನಕ ಬೊಂಬಾಯಿಯ ಗವರ್ನರ್. ಭಾರತೀಯ ಕ್ರಿಕೆಟ್‌ನ ಪಿತಾಮಹ ಅಂತ ಬಹಳ ಕಾಲ ಕರೆಸಿಕೊಂಡ. ನನಗದು ಅತಿಶಯ ಅನ್ನಿಸುತ್ತೆ. ಪಾರ್ಸಿಗಳು ಅವನು ಬರುವ ಮೊದಲೇ ಇಂಗ್ಲೆಂಡ್ ಪ್ರವಾಸ ಮಾಡಿಬಂದಿದ್ದರು. ಮೈದಾನದಲ್ಲಿ ಯುರೋಪಿಯನ್ನರ ಪೋಲೋ ಕುದುರೆಗಳು ಪಿಚ್ ಹಾಳು ಮಾಡ್ತಿವೆ ಅಂತ ಇಂಡಿಯನ್ ಹುಡುಗರು ಅರ್ಜಿ ಕೊಟ್ಟಾಗ ಅವನು ನಿಂತದ್ದು ಪೋಲೋ ಕಡೆಗೆ. 1893ರ ಆಗಸ್ಟ್‌ನಲ್ಲಿ ಬೊಂಬಾಯಿ ಕೋಮುಗಲಭೆಯಲ್ಲಿ ಉರಿಯುತ್ತಿದ್ದಾಗ ಪುಣೆಯಿಂದ ಬರೋಕೆ ಅವನಿಗೆ ದಿನಗಳೇ ಹಿಡಿದವು. ಕ್ರಿಕೆಟ್ ಬಿಟ್ಟು ಬರಲಿಲ್ಲ ಅಂತ ಪತ್ರಿಕೆಗಳು ಜಾಡಿಸಿದವು. 1896ರಲ್ಲಿ ರಣಜಿತ್ ಸಿಂಗ್ ಇಂಗ್ಲೆಂಡ್ ಪರ ಆಡೋದಕ್ಕೆ ವಿರೋಧಿಸಿದವರಲ್ಲಿ ಅವನೂ ಇದ್ದ ಅಂತ ಕ್ರಿಕೆಟ್ ಚರಿತ್ರೆ ಬರೆದವರು ಹೇಳ್ತಾರೆ. ತಾನು ಹುಟ್ಟಿದ್ದೆಲ್ಲಿ ಅನ್ನೋದು ಆಗ ಮರೆತಿತ್ತೋ ಏನೋ.

ಆದರೂ ಹೆಸರು ಉಳಿಯಿತು. ಬೊಂಬಾಯಿ ಶಾಲೆಗಳ ಹ್ಯಾರಿಸ್ ಶೀಲ್ಡ್ ಈತನದ್ದೇ. 1988ರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದು ಅದರ ಸೆಮಿಫೈನಲ್‌ನಲ್ಲಿ. 2013ರಲ್ಲಿ ಪೃಥ್ವಿ ಶಾ 546 ಹೊಡೆದದ್ದೂ ಅದರಲ್ಲೇ. ಆ ಸ್ಕೋರ್‌ಬೋರ್ಡ್ ಹಿಂದೆ ಶ್ರೀರಂಗಪಟ್ಟಣ ನಿಂತಿದೆ ಅಂತ ಆಜಾದ್ ಮೈದಾನದಲ್ಲಿ ಯಾರಿಗೆ ತಾನೆ ಹೊಳೆದೀತು?

ಐದನೆಯವನಿಗೆ ಗಡಿಯಾರದ ಹುಚ್ಚು. ಬೆಲ್ಮಾಂಟ್ ತುಂಬಾ ನೂರಾರು ಗಡಿಯಾರ ಕೂಡಿಹಾಕಿ, 1984ರ ತನಕ ಬದುಕಿದ. ಆಮೇಲೆ ಆರನೆಯವನು 1995ರಲ್ಲಿ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಬಿರುದು ಮೊದಲ ಬ್ಯಾರನ್ನನ ಇನ್ನೊಂದು ಕವಲಿನ ದೂರದ ಸಂಬಂಧಿಗೆ ಹೋಯ್ತು. ಬಂಗಲೆ, ಗಡಿಯಾರ, ಇಂಡಿಯಾದ ನೆನಪಿನ ವಸ್ತುಗಳೆಲ್ಲ ಒಂದು ಟ್ರಸ್ಟಿನ ಕೈಯಲ್ಲಿವೆ, ಟಿಕೆಟ್ ಕೊಂಡು ನೋಡಬಹುದು. ಅಷ್ಟು ದಿನ ಜೊತೆಗಿದ್ದ ದುಡ್ಡಿನ ಮನೆ ಮತ್ತು ಹೆಸರು ಬೇರೆ ಬೇರೆಯಾದವು.

1999ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಒಂದು ಕಾನೂನು ಮಾಡಿ ವಂಶಪಾರಂಪರ್ಯದ ಲಾರ್ಡ್‌ಗಳಲ್ಲಿ ತೊಂಬತ್ತೆರಡು ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಹೌಸ್ ಆಫ್ ಲಾರ್ಡ್ಸ್‌ನಿಂದ ಹೊರಗೆ ಕಳಿಸಿತು. ಕೋಟೆ ಬಿದ್ದು ಸರಿಯಾಗಿ ಇನ್ನೂರು ವರ್ಷಕ್ಕೆ. ಐರಿಷ್ ಪದವಿ ಬೇಡ ಅಂತ ಹದಿನಾರು ವರ್ಷ ಕಾದು ಪಡೆದ ಆ ಕುರ್ಚಿಯ ಹಕ್ಕು ಹೋಯ್ತು. ಆದರೆ ಆ ಕಾನೂನು ಮುಟ್ಟಿದ್ದು ಕುರ್ಚಿಯನ್ನು ಮಾತ್ರ, ಹೆಸರನ್ನಲ್ಲ. ಗಂಡು ಸಂತಾನ ಇರುವವರೆಗೆ ಕೆಂಟ್‌ನ ಆ ವಂಶದಲ್ಲಿ ಒಬ್ಬರು ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಆಗಿಯೇ ಇರುತ್ತಾರೆ, ಹಣೆಯ ಮೇಲೆ ಹೈದರನ ಅಕ್ಷರ ಹೊತ್ತ ಹಸಿರು ಹುಲಿಯ ಸಮೇತ.