ಡಾಲರ್ ನಾಣ್ಯ, ಸವರನ್ ಮತ್ತು ನಮ್ಮ ಕಾಸಿನ ಸರ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮದುವೆ ಮಾತುಕತೆ ಅಂದ್ರೆ ಬಂಗಾರದ ಲೆಕ್ಕ ಬಂದೇ ಬರುತ್ತೆ. ಮಳೆ ಕೈಕೊಟ್ಟ ವರ್ಷ ಅದೇ ಬಂಗಾರ ಗಿರವಿಗೆ ಹೋಗುತ್ತೆ. ಹಾಗಾದ್ರೆ ಮನೆಯ ಬಂಗಾರ ನಿಜವಾಗಿ ಯಾರದ್ದು? ಇವತ್ತಿನ ಕಥೆ ಇದೇ.

ಮೊದಲು ಅಮೆರಿಕ. 1933ರ ಏಪ್ರಿಲ್ 5ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶ ಹೊರಡಿಸಿದರು: ಜನ ತಮ್ಮ ಬಂಗಾರದ ನಾಣ್ಯ, ಗಟ್ಟಿಗಳನ್ನ ಬ್ಯಾಂಕಿಗೆ ಒಪ್ಪಿಸಬೇಕು. ತಪ್ಪಿದರೆ 10,000 ಡಾಲರ್ ದಂಡ, ಇಲ್ಲವೇ 10 ವರ್ಷ ಜೈಲು. ಕೊಟ್ಟವರಿಗೆ ಔನ್ಸಿಗೆ 20.67 ಡಾಲರ್ ಸಿಕ್ಕಿತು. ಒಂದು ವರ್ಷ ತುಂಬೋದರೊಳಗೆ ಸರ್ಕಾರವೇ ಆ ಬೆಲೆಯನ್ನ 35 ಡಾಲರ್‌ಗೆ ಏರಿಸಿತು. ಲಾಭ ಯಾರಿಗೆ ಹೋಯ್ತು ಅಂತ ಬಿಡಿಸಿ ಹೇಳಬೇಕಿಲ್ಲ! ಆದರೆ ಸಂಗ್ರಹಕಾರರ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. ಆ ವರ್ಷ ಟಂಕಿಸಿದ 20 ಡಾಲರ್ ನಾಣ್ಯಗಳನ್ನ ಹೆಚ್ಚುಕಡಿಮೆ ಪೂರ್ತಿ ಕರಗಿಸಿಬಿಟ್ಟರು. ಉಳಿದ ಕೆಲವೇ ನಾಣ್ಯಗಳಲ್ಲಿ ಒಂದು 2021ರ ಹರಾಜಿನಲ್ಲಿ ಸುಮಾರು 1.89 ಕೋಟಿ ಡಾಲರ್‌ಗೆ ಹೋಯಿತು.

ನಮ್ಮಲ್ಲಿ ಅಂಥ ಆದೇಶವೇ ಬೇಕಾಗಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನದಂಡ, ಅಂದರೆ ಹಣದ ಬೆಲೆಯನ್ನ ಬಂಗಾರಕ್ಕೆ ಕಟ್ಟಿಹಾಕುವ ಪದ್ಧತಿಯನ್ನ ಕೈಬಿಟ್ಟಿತು. ರೂಪಾಯಿಯನ್ನ ಪೌಂಡಿನ ಬಾಲಕ್ಕೆ ಕಟ್ಟಿತು. ಆಗ ನಮ್ಮ ಎರಡೂ ತಾಲ್ಲೂಕು ಮೈಸೂರು ಸಂಸ್ಥಾನದಲ್ಲಿದ್ದವು. ಚಲಾವಣೆ ಮಾತ್ರ ಬ್ರಿಟಿಷರ ರೂಪಾಯಿಯೇ. ಬಂಗಾರದ ಬೆಲೆ ಏರಿತು, ಬೆಳೆಯ ಬೆಲೆ ನೆಲ ಕಚ್ಚಿತ್ತು. ಕಂದಾಯ, ಸಾಹುಕಾರನ ಬಡ್ಡಿ ಮಾತ್ರ ಇಳಿಯಲಿಲ್ಲ. ದೇಶದ ತುಂಬಾ ರೈತರ ಮನೆಯ ಒಡವೆ ಪೇಟೆ ಸೇರಿ, ಅಲ್ಲಿಂದ ಹಡಗು ಹತ್ತಿತು. ರಫ್ತು ನಿಲ್ಲಿಸಿ ಅಂತ ಭಾರತೀಯ ವರ್ತಕರು ಕೇಳಿಕೊಂಡರೂ ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬಂಗಾರ ಬ್ರಿಟನ್ನಿನ ಸಾಲ ತೀರಿಸೋಕೆ ಆಸರೆಯಾಯಿತು. ಬಿಕಾಂನಲ್ಲಿ ಇದೆಲ್ಲ ನಮಗೆ ‘ವಿನಿಮಯ ದರ’ ಅನ್ನೋ ಎರಡು ಪದದಲ್ಲಿ ಮುಗಿದಿತ್ತು. ಅಮೆರಿಕದವನ ಬಾಗಿಲಿಗೆ ಕಾನೂನು ಬಂತು, ನಮ್ಮವನ ಬಾಗಿಲಿಗೆ ಸಾಲ ಬಂತು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಕ್ರೂರ, ಯಾಕಂದ್ರೆ ದಾಖಲೆಯಲ್ಲಿ ಅದು ‘ಸ್ವಇಚ್ಛೆಯ ಮಾರಾಟ’.

ಸ್ವಾತಂತ್ರ್ಯ ಬಂದಮೇಲೆ ಕಾನೂನೂ ಬಂತು. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡೋದನ್ನೇ ನಿಷೇಧಿಸಿದರು. ಅಕ್ಕಸಾಲಿಗರ ಕುಲುಮೆ ಆರಿತು. 1968ರ ಕಾಯ್ದೆಯಲ್ಲಿ ಮನೆಯಲ್ಲಿ ಬಂಗಾರದ ಗಟ್ಟಿ ಇಟ್ಟುಕೊಳ್ಳೋದೂ ಅಪರಾಧ. ಅದು ರದ್ದಾಗಿದ್ದು 1990ರಲ್ಲಿ.

ಇಷ್ಟೆಲ್ಲ ದಾಟಿ ನಿಮ್ಮ ಅಜ್ಜಿಯ ಕಾಸಿನ ಸರದಲ್ಲಿ ಹಳೇ ಸವರನ್ ಉಳಿದಿದ್ರೆ, ಕರಗಿಸೋ ಮುಂಚೆ ಇಸವಿ ನೋಡಿ. 1918 ಇದ್ದು, ಕುದುರೆಯ ಕಾಲ ಕೆಳಗಿನ ನೆಲದಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಕಂಡರೆ ಅದು ಬಾಂಬೆ ಟಂಕಸಾಲೆಯದ್ದು. ಅಲ್ಲಿ ಸವರನ್ ಅಚ್ಚು ಹಾಕಿದ್ದು ಅದೊಂದೇ ವರ್ಷ, ಸುಮಾರು 13 ಲಕ್ಷ.