ಲಿಮಾದ ಆಶ್ರಯ ವಿವಾದ

1948ರ ಅಕ್ಟೋಬರ್ 3ರಂದು ಪೆರುವಿನಲ್ಲಿ ಎದ್ದ ಸೈನಿಕ ದಂಗೆ ಅಂದೇ ಅಡಗಿದರೂ, ಅದರ ಹೊಣೆಯನ್ನು ಅಪ್ರಾ ಪಕ್ಷದ ಮೇಲೆ ಹೊರಿಸಿದ ಸರ್ಕಾರ ಆ ಪಕ್ಷದ ನಾಯಕ ವಿಕ್ಟರ್ ರೌಲ್ ಆಯಾ ದೆ ಲಾ ತೋರೆಯವರ ಮೇಲೂ ಮೊಕದ್ದಮೆ ಹೂಡಿತು. 1949ರ ಜನವರಿ 3ರಂದು ಅವರು ಲಿಮಾದ ಕೊಲಂಬಿಯಾ ರಾಯಭಾರ ಕಚೇರಿಯನ್ನು ಹೊಕ್ಕಾಗ, ಅವರ ಮೇಲಿನ ಆರೋಪ ರಾಜಕೀಯ ಅಪರಾಧದ್ದೆಂದು ತಾನೇ ನಿರ್ಣಯಿಸಿದ ಕೊಲಂಬಿಯಾ, ಅವರು ನಿರ್ಭಯವಾಗಿ ದೇಶ ಬಿಡಲು ರಹದಾರಿ ಕೇಳಿತು, ಪೆರು ಒಪ್ಪಲಿಲ್ಲ.

ಈ ವಿವಾದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದಾಗ, ಅದು 1950ರ ನವೆಂಬರ್ 20ರ ತೀರ್ಪಿನಲ್ಲಿ ಮುಖ್ಯ ಭೇದವೊಂದನ್ನು ಗುರುತಿಸಿತು. ಹಸ್ತಾಂತರದಲ್ಲಿ, ಎಂದರೆ ಆರೋಪಿಯನ್ನು ವಿಚಾರಣೆಗಾಗಿ ಮತ್ತೊಂದು ದೇಶಕ್ಕೆ ಒಪ್ಪಿಸುವ ಕ್ರಮದಲ್ಲಿ, ಆತ ಆಶ್ರಯದಾತ ದೇಶದ ನೆಲದಲ್ಲಿಯೇ ಇರುತ್ತಾನೆ. ರಾಯಭಾರ ಕಚೇರಿಯ ಆಶ್ರಯವಾದರೋ ಅಪರಾಧ ನಡೆದ ದೇಶದೊಳಗೇ ದೊರೆಯುವುದರಿಂದ ಆ ದೇಶದ ಸಾರ್ವಭೌಮತ್ವಕ್ಕೆ ಕುಂದು ತರುತ್ತದೆ. ಆದ್ದರಿಂದ ಅಪರಾಧದ ಸ್ವರೂಪವನ್ನು ಕೊಲಂಬಿಯಾ ಏಕಪಕ್ಷೀಯವಾಗಿ ನಿರ್ಧರಿಸಲಾಗದೆಂದೂ, ಆಯಾ ದೆ ಲಾ ತೋರೆ ಸಾಮಾನ್ಯ ಅಪರಾಧಿಯೆಂಬುದನ್ನು ಪೆರು ಸಾಬೀತುಪಡಿಸಿಲ್ಲವೆಂದೂ, ಆದರೆ ದಂಗೆ ನಡೆದು ಮೂರು ತಿಂಗಳಾಗಿದ್ದರಿಂದ ಆಶ್ರಯಕ್ಕೆ 1928ರ ಹವಾನಾ ಒಪ್ಪಂದ ವಿಧಿಸುವ ತುರ್ತು ಸನ್ನಿವೇಶ ಇರಲಿಲ್ಲವೆಂದೂ ಅದು ಹೇಳಿತು.

ಆಶ್ರಯ ಕೊನೆಗೊಳ್ಳಬೇಕು, ಆದರೆ ಅವರನ್ನು ಒಪ್ಪಿಸುವ ಬಾಧ್ಯತೆ ಕೊಲಂಬಿಯಾಕ್ಕಿಲ್ಲ ಎಂದ 1951ರ ಜೂನ್ 13ರ ತೀರ್ಪು ಬಿಕ್ಕಟ್ಟನ್ನು ಬಗೆಹರಿಸಲಿಲ್ಲ. ಉಭಯ ದೇಶಗಳ ಮಾತುಕತೆಯ ಫಲವಾಗಿ 1954ರಲ್ಲಷ್ಟೇ ಅವರು ದೇಶ ಬಿಟ್ಟರು. ನ್ಯಾಯಾಲಯ ನಿರಾಕರಿಸಿದ್ದ ನಿರ್ಣಯಾಧಿಕಾರವನ್ನು ಅದೇ ವರ್ಷದ ಕರಾಕಸ್ ಒಪ್ಪಂದ ಆಶ್ರಯ ನೀಡುವ ದೇಶಕ್ಕೇ ವಹಿಸಿತು.