ಯಾವ ವರ್ಷದ ಅಲಿ?

1970ರ ಜನವರಿ 20ರ ರಾತ್ರಿ ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ ಜನ ದುಡ್ಡು ಕೊಟ್ಟು ಕೂತು, ರಾಕಿ ಮಾರ್ಸಿಯಾನೊ ಹದಿಮೂರನೆಯ ಸುತ್ತಿನಲ್ಲಿ ಮಹಮ್ಮದ್ ಅಲಿಯನ್ನು ಕೆಡವಿದ್ದನ್ನು ನೋಡಿದರು. ಕೆಡವಿದವನು ಆ ಹೊತ್ತಿಗೆ ಬದುಕಿರಲಿಲ್ಲ. ಹಿಂದಿನ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಮರುದಿನ ಅವನಿಗೆ 46 ತುಂಬುವುದಿತ್ತು.

ಇದು ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್‌ನ ಕರಾಮತ್ತು. ಬೇರೆ ಬೇರೆ ಕಾಲದ ಹದಿನಾರು ಹೆವಿವೇಟ್ ಬಾಕ್ಸರುಗಳ ಬಲಾಬಲವನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಉಣಿಸಿ, ಅದು ಹೇಳಿದ ಫಲಿತಾಂಶವನ್ನು ವೀಕ್ಷಕ ವಿವರಣೆಯ ಧಾಟಿಯಲ್ಲಿ 1967ರಲ್ಲಿ ರೇಡಿಯೊದಲ್ಲಿ ಬಿತ್ತರಿಸಿದ್ದ. ಅಂಕಿಗಳು ಬಂದದ್ದು ಬಾಕ್ಸಿಂಗ್ ಬಲ್ಲವರ ಅಭಿಪ್ರಾಯಗಳಿಂದಲೇ. ಜಗಲಿಯ ವಾದ ಯಂತ್ರದ ಬಾಯಿಂದ ಬಂದಾಗ ತೀರ್ಪಾಯಿತು, ಅಷ್ಟೆ.

ಆ ಪಂದ್ಯಾವಳಿಯಲ್ಲಿ ಅಲಿ ಸೋತದ್ದು ಜಿಮ್ ಜೆಫ್ರಿಸ್‌ಗೆ. ಅಲಿ ಹತ್ತು ಲಕ್ಷ ಡಾಲರ್ ಕೇಳಿ ಮಾನನಷ್ಟದ ದಾವೆ ಹೂಡಿದ. ಸೋತದ್ದಕ್ಕಿಂತ ಯಾರ ಕೈಯಲ್ಲಿ ಸೋತದ್ದು ಎಂಬುದೇ ಅವನನ್ನು ಹೆಚ್ಚು ಚುಚ್ಚಿರಬೇಕು ಎನಿಸುತ್ತದೆ ನನಗೆ. ಚಾಂಪಿಯನ್ ಆಗಿದ್ದಾಗ ಜೆಫ್ರಿಸ್ ಕರಿಯರೊಂದಿಗೆ ಪಟ್ಟಕ್ಕಾಗಿ ಸೆಣಸಲು ಒಪ್ಪಿರಲಿಲ್ಲ. ಸೋಲಿಲ್ಲದೆ ನಿವೃತ್ತನಾಗಿ ಹೊಲಗದ್ದೆ ನೋಡಿಕೊಂಡು ದಪ್ಪಗಾಗಿದ್ದವನನ್ನು, ಜ್ಯಾಕ್ ಜಾನ್ಸನ್ ಎಂಬ ಕರಿಯ ಚಾಂಪಿಯನ್ನನ ಮುಂದೆ ಬಿಳಿಯರ ಮಾನ ಉಳಿಸಲೆಂದು ಎಬ್ಬಿಸಿ ತಂದರು. 1910ರ ಜುಲೈ 4ರಂದು ರೀನೊದಲ್ಲಿ ಜಾನ್ಸನ್ ಹದಿನೈದನೆಯ ಸುತ್ತಿನಲ್ಲಿ ಅವನನ್ನು ಮುಗಿಸಿದ. ಹಲವು ಊರುಗಳಲ್ಲಿ ಗಲಭೆಯೆದ್ದು ಜನ ಸತ್ತರು. 'ಆರು ವರ್ಷದ ಹಿಂದಿನ ಜೆಫ್ರಿಸ್ ಆಗಿದ್ದರೆ!' ಎಂಬ ಉದ್ಗಾರ ಅಂದಿನಿಂದ ನಿಂತಿಲ್ಲ. ತನ್ನ ಒಳ್ಳೆಯ ದಿನಗಳಲ್ಲೂ ಜಾನ್ಸನ್‌ನನ್ನು ಸೋಲಿಸಲು ಆಗುತ್ತಿರಲಿಲ್ಲವೆಂದು ಜೆಫ್ರಿಸನೇ ಹೇಳಿದನೆಂಬ ವರದಿಯಿದ್ದರೂ ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು?

ಅಲಿಯ ದಾವೆ ರಾಜಿಯಲ್ಲಿ ಮುಗಿಯಿತು. ರಾಜಿಯ ಭಾಗವಾಗಿ ಅವನು ಮಾರ್ಸಿಯಾನೊ ಜೊತೆ ಸಿನಿಮಾಕ್ಕಾಗಿ ಕಾದಾಡಲು ಒಪ್ಪಿದ. 1969ರ ಬೇಸಿಗೆಯಲ್ಲಿ ಮಯಾಮಿಯ ಸ್ಟುಡಿಯೊದಲ್ಲಿ ಒಂದೊಂದು ನಿಮಿಷದ ಸುಮಾರು ಎಪ್ಪತ್ತು ಸುತ್ತುಗಳನ್ನು, ಬೇರೆ ಬೇರೆ ಅಂತ್ಯಗಳೊಂದಿಗೆ, ಚಿತ್ರೀಕರಿಸಿದರು. 49 ಪಂದ್ಯಗಳಲ್ಲಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತನಾಗಿದ್ದ ಮಾರ್ಸಿಯಾನೊ ಮೈ ಇಳಿಸಿ, ಬೋಳುತಲೆಗೆ ಟೋಪನ್ ಹಾಕಿ ಬಂದ. ಅಲಿ ಎರಡು ವರ್ಷದಿಂದ ರಿಂಗ್ ಕಂಡಿರಲಿಲ್ಲ. 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧದ ಕಾಲದ ಸೇನಾಭರ್ತಿಯನ್ನು ನಿರಾಕರಿಸಿದ್ದಕ್ಕೆ ಪಟ್ಟವೂ ಲೈಸೆನ್ಸೂ ಹೋಗಿದ್ದವು. ಪರದೆಯ ಮೇಲೆ ಸೆಣಸಿದ್ದು ಇಬ್ಬರು ಚಾಂಪಿಯನ್ನರ ಉತ್ತುಂಗಗಳೆಂದು ಹೇಳಲಾಯಿತು. ಕ್ಯಾಮೆರಾದ ಮುಂದೆ ಇದ್ದವರು ಮಾತ್ರ ಒಬ್ಬ ನಿವೃತ್ತ, ಒಬ್ಬ ಬಹಿಷ್ಕೃತ.

ಅಲಿಯ ಉತ್ತುಂಗವೆಂದು ಬಹುಪಾಲು ಜನ ತೋರಿಸುವುದು 1966ರ ನವೆಂಬರ್ 14ನ್ನು. ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲೆಂಡ್ ವಿಲಿಯಮ್ಸ್‌ನನ್ನು ಮೂರು ಸುತ್ತಿನೊಳಗೆ ಮುಗಿಸಿದ ರಾತ್ರಿ ಅದು. ಆ ಕಾಲುಗಳ ಓಟ ನಿಜಕ್ಕೂ ಕಣ್ಣಿಗೆ ಹಬ್ಬ. ಆದರೆ ಎದುರಿದ್ದ ವಿಲಿಯಮ್ಸ್ ಎರಡು ವರ್ಷದ ಹಿಂದೆ ಪೊಲೀಸನ ಗುಂಡು ತಿಂದು ಒಂದು ಮೂತ್ರಪಿಂಡ ಕಳೆದುಕೊಂಡಿದ್ದವನು. ನಾವು ಅಳೆಯಲು ಬಳಸುವ ಕೋಲೇ ಮುರಿದದ್ದು. ಮುಂದಿನ ವರ್ಷ ಮಾರ್ಚ್ 22ರಂದು ಜೋರಾ ಫೋಲಿಯನ್ನು ಸೋಲಿಸಿದ ಅಲಿ, ಮತ್ತೆ ರಿಂಗಿಗೆ ಇಳಿದದ್ದು 1970ರ ಅಕ್ಟೋಬರ್ 26ರಂದು. ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗಿನ ಆಯಸ್ಸು ಕೋರ್ಟು ಕಚೇರಿಗೆ, ಕಾಲೇಜುಗಳ ಭಾಷಣಗಳಿಗೆ ಹೋಯಿತು. ಸುಪ್ರೀಂ ಕೋರ್ಟು ಶಿಕ್ಷೆ ರದ್ದುಮಾಡಿದ್ದು 1971ರ ಜೂನ್‌ನಲ್ಲಿ. ವರ್ಷಗಳನ್ನು ವಾಪಸು ಕೊಡುವ ಅಧಿಕಾರ ಅದಕ್ಕೂ ಇರಲಿಲ್ಲ. ಮರಳಿ ಬಂದವನಿಗೆ ಆ ಕಾಲುಗಳಿರಲಿಲ್ಲ. ಹೊಡೆತ ತಪ್ಪಿಸಿಕೊಳ್ಳುತ್ತಿದ್ದವನು ಹೊಡೆತ ತಾಳಿಕೊಳ್ಳುವುದನ್ನು ಕಲಿತ. 1974ರಲ್ಲಿ ಹಗ್ಗಕ್ಕೆ ಒರಗಿ ಜಾರ್ಜ್ ಫೋರ್ಮನ್‌ನನ್ನು ಸುಸ್ತುಮಾಡಿ ಗೆದ್ದದ್ದು ಈ ಎರಡನೆಯ ಅಲಿ. 1968ರ ಅಲಿಯನ್ನು ಮಾತ್ರ ಯಾರೂ ನೋಡಲಿಲ್ಲ.

ಕಾಲ ತಪ್ಪಿದ ಪಂದ್ಯಗಳು ನಿಜದಲ್ಲೂ ನಡೆದಿವೆ, ಕಂಪ್ಯೂಟರಿನ ಹಂಗಿಲ್ಲದೆ. ತೆರಿಗೆ ಬಾಕಿಯ ಹೊರೆಯಿಂದ ರಿಂಗಿಗೆ ಮರಳಿದ್ದ 37ರ ಜೋ ಲೂಯಿಯನ್ನು ಮಾರ್ಸಿಯಾನೊ 1951ರಲ್ಲಿ ಎಂಟನೆಯ ಸುತ್ತಿನಲ್ಲಿ ಹಗ್ಗದಾಚೆ ಕೆಡವಿದ. ಆಮೇಲೆ ಲೂಯಿಯ ಕೋಣೆಗೆ ಹೋಗಿ ಅತ್ತನೆನ್ನುತ್ತಾರೆ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ 38ರ ಅಲಿಯ ಎದುರು ನಿಂತವನು ಲ್ಯಾರಿ ಹೋಮ್ಸ್. ಹಿಂದೊಮ್ಮೆ ಅಲಿಯ ಅಭ್ಯಾಸದ ಜೊತೆಗಾರನಾಗಿದ್ದವನು. ಹತ್ತು ಸುತ್ತು ಹೊಡೆಸಿಕೊಂಡ ಅಲಿಯನ್ನು ಹನ್ನೊಂದನೆಯದಕ್ಕೆ ಅವನ ಕಡೆಯವರು ಕಳಿಸಲಿಲ್ಲ. ಗೆದ್ದ ಹೋಮ್ಸ್ ಕೂಡ ಅತ್ತ.